ಮಗನ ಪೆನ್ಸಿಲ್ ಪೌಚಲ್ಲಿ ವೇಪ್ ಸಿಕ್ಕಿದೆ, ಅನುಭವ ಇದ್ದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಗನಿಗೆ 15 ವರ್ಷ. ಅವನ ಪೆನ್ಸಿಲ್ ಪೌಚಿನಲ್ಲಿ ಹೈಲೈಟರ್ ಥರದ್ದೇನೋ ಸಿಕ್ಕಿತು. ಕ್ಯಾಪ್ ಎಳೆದರೆ ಬರಲಿಲ್ಲ. ತಿರುಗಿಸಿ ನೋಡಿದರೆ ತಳದಲ್ಲಿ ಚಾರ್ಜರ್ ಹಾಕುವ ತೂತು, ಮೇಲುಗಡೆ ಬಾಯಿಗಿಡುವ ಸಣ್ಣ ಕೊಳವೆ, ಘಮ್ಮೆನ್ನುವ ಕಲ್ಲಂಗಡಿ ವಾಸನೆ. ವೇಪ್, ಅಂದರೆ ಇ-ಸಿಗರೇಟ್ ಅಂತ ಆಮೇಲೆ ಗೊತ್ತಾಯಿತು.

ಕೇಳಿದರೆ "ಫ್ರೆಂಡ್‌ದು, ಇಟ್ಕೊಂಡಿದ್ದೆ ಅಷ್ಟೇ" ಅಂದ. ಸ್ವಲ್ಪ ಹೊತ್ತಾದ ಮೇಲೆ "ಇದ್ರಲ್ಲಿ ನಿಕೋಟಿನ್ ಇಲ್ಲಮ್ಮಾ, ಬರೀ ಫ್ಲೇವರ್ರು, ಬರೋದು ನೀರಿನ ಹಬೆ" ಅಂದ. ಅಂದರೆ ಎಳೆಯುತ್ತಾನೆ ಅಂತಾಯಿತಲ್ವಾ. ಅವರಪ್ಪ ಫೋನ್ ಕಿತ್ತುಕೊಂಡು ಸ್ಕೂಲಿಗೆ ಹೇಳೋಣ ಅನ್ನುತ್ತಿದ್ದಾರೆ. ನನಗೆ ಸ್ಕೂಲಿಗೆ ಹೇಳಲು ಭಯ. ಇವನು ಹೇಳುವುದು ಎಷ್ಟು ನಿಜ? ಈಗಿನ ಮಕ್ಕಳಲ್ಲಿ ಇದು ಅಷ್ಟೊಂದು ಇದೆಯಾ? ಬೈಯುವುದಾ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಾ? ಮನೆಯಲ್ಲಿ ಇದನ್ನು ಕಂಡವರು, ಬಿಡಿಸಿದವರು, ತಾವೇ ಬಿಟ್ಟವರು ಇದ್ದರೆ ಹೇಳಿ. ಉಪದೇಶ ಬೇಡ, ನಿಮ್ಮಲ್ಲಿ ಏನಾಯಿತು ಅಂತ ಹೇಳಿದರೆ ಸಾಕು.

ಉತ್ತರ: ಮಗಳಿಂದ ಬಿಡಿಸಿದ ಅಮ್ಮ

ಮೇಡಂ, ಬೈಯುವ ಮುಂಚೆ, ಸ್ಕೂಲಿಗೆ ಹೇಳುವ ಮುಂಚೆ, ಅವನನ್ನು ಒಂದು ಪ್ರಶ್ನೆ ಕೇಳಿ. "ಬೆಳಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇ ಸಲ ಎಳೀತೀಯ?" ಮುಂದಿನದ್ದೆಲ್ಲ ಆ ಉತ್ತರದ ಮೇಲೆ ನಿಂತಿದೆ. "ಬೆಳಗ್ಗೆ ಯಾಕೆ ಎಳೀಲಿ, ಫ್ರೆಂಡ್ಸ್ ಸಿಕ್ಕಾಗ ಮಾತ್ರ" ಅಂದರೆ ಒಂದು ದಾರಿ. "ಎದ್ದ ತಕ್ಷಣ" ಅಂದರೆ ಬೇರೆಯೇ ದಾರಿ.

ನನ್ನ ಮಗಳದ್ದು ಎರಡನೆಯದು. ದಿಂಬಿನ ಕವರಿನೊಳಗೆ ಇಟ್ಟುಕೊಂಡು ಮಲಗುತ್ತಿದ್ದಳು. ನಡುರಾತ್ರಿ ಎಚ್ಚರವಾದರೆ ಒಂದು ಸಲ ಎಳೆದು ಮತ್ತೆ ಮಲಗುತ್ತಿದ್ದಳಂತೆ. ಬೂದಿ ಇಲ್ಲ, ಬೆಂಕಿಪೊಟ್ಟಣ ಇಲ್ಲ, ಬಟ್ಟೆಗೆ ಹೊಗೆ ವಾಸನೆ ಇಲ್ಲ. ಹಣ್ಣಿನ ವಾಸನೆ ಬಂದರೆ ಲಿಪ್‌ಬಾಮ್ ಅಂದುಕೊಳ್ಳುತ್ತೇವೆ. ಪಕ್ಕದ ರೂಮಿನಲ್ಲೇ ಇದ್ದರೂ ಗೊತ್ತಾಗುವುದಿಲ್ಲ. ಹಿಂತಿರುಗಿ ನೋಡಿದರೆ ಕೆಲವು ಗುರುತು ಇದ್ದವು. ಬಾಯಿ ಒಣಗುತ್ತದೆ ಅಂತ ಸದಾ ನೀರಿನ ಬಾಟಲಿ ಕೈಯಲ್ಲಿ. ಸಿನಿಮಾ ಮಧ್ಯೆ, ಊಟದ ಮಧ್ಯೆ, ನೆಂಟರ ಮನೆಯಲ್ಲಿ, ಎಲ್ಲೇ ಇದ್ದರೂ ಗಂಟೆಗೊಂದು ಸಲ ಬಾತ್‌ರೂಮ್. ಲಾಂಗ್ ಡ್ರೈವ್ ಹೋದರೆ ಮೂರನೇ ಗಂಟೆಯಿಂದ ಸಿಡಿಮಿಡಿ. ಆಮೇಲೆ ಡಾಕ್ಟರ್ ಹೇಳಿದರು, ರಕ್ತದಲ್ಲಿ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ ಅಂತ. ಆಗ ಆ ಸಿಡಿಮಿಡಿಯ ಲೆಕ್ಕ ಅರ್ಥವಾಯಿತು.

ಇನ್ನೊಂದು. "ಯಾಕೆ" ಅಂತ ಕೇಳಿದರೆ "ಗೊತ್ತಿಲ್ಲ" ಬಿಟ್ಟು ಬೇರೆ ಉತ್ತರ ಬರುತ್ತಿರಲಿಲ್ಲ. "ಯಾವಾಗ", "ಎಲ್ಲಿ", "ಸಿಗದೇ ಇದ್ದರೆ ಏನಾಗುತ್ತೆ" ಅಂತ ಕೇಳಲು ಶುರು ಮಾಡಿದ ಮೇಲೆ ಬಾಯಿ ಬಿಟ್ಟಳು. ಎದುರು ಕೂರಿಸಿಕೊಂಡು ಕೇಳಬೇಡಿ. ಕಾರಿನಲ್ಲೋ, ಬಟ್ಟೆ ಮಡಚುವಾಗಲೋ ಕೇಳಿ. ಮುಖ ನೋಡದೆ ಮಾತಾಡುವುದು ಆ ವಯಸ್ಸಿಗೆ ಸುಲಭ.

ಉತ್ತರ: ಬಿಟ್ಟವನು, ಈಗ ಕಾಲೇಜಲ್ಲಿದ್ದೇನೆ

ಅಕ್ಕಾ, ನಾನು ಹೆಚ್ಚುಕಮ್ಮಿ ನಿಮ್ಮ ಮಗನ ವಯಸ್ಸಿನಲ್ಲೇ ಶುರು ಮಾಡಿದವನು. "ಫ್ರೆಂಡ್‌ದು" ಅನ್ನುವುದು ಪೂರ್ತಿ ಸುಳ್ಳಾಗಿರಲಿಕ್ಕಿಲ್ಲ. ನಾಲ್ಕೈದು ಜನ ದುಡ್ಡು ಹಾಕಿ ಒಂದು ತಗೊಳ್ಳುತ್ತಾರೆ. ಯಾರ ಮನೆಯಲ್ಲಿ ಬ್ಯಾಗ್ ನೋಡುವುದಿಲ್ಲವೋ ಅವನ ಹತ್ತಿರ ಅದು ರಾತ್ರಿ ಇರುತ್ತದೆ. ನಿಮ್ಮ ಮನೆಗೆ ಆ ಹೆಸರು ಇತ್ತು ಅಂತ ಕಾಣುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಿಕೋಟಿನ್ ಇಲ್ಲ ಅನ್ನುವ ಮಾತು. ನಮಗೂ ಹಾಗೆ ಹೇಳಿಯೇ ಕೊಟ್ಟಿದ್ದರು. ನಿಕೋಟಿನ್ ಇಲ್ಲದ್ದಕ್ಕೋಸ್ಕರ ಯಾರೂ ಪಿರಿಯಡ್ ಮಧ್ಯೆ ಟಾಯ್ಲೆಟ್‌ಗೆ ಓಡುವುದಿಲ್ಲ. ವೇಪಿನ ಮೈಮೇಲೆ ಅಥವಾ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ 5% ಅಂತ ಇದೆಯಾ ನೋಡಿ. 100ಕ್ಕೆ 5 ತಾನೇ, ಕಮ್ಮಿ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಒಂದು ಎಂಎಲ್ ದ್ರವದಲ್ಲಿ ಸುಮಾರು 50 ಮಿಲಿಗ್ರಾಂ. ಬ್ರಿಟನ್ ಮತ್ತು ಯುರೋಪಿನ ಒಕ್ಕೂಟದ ಕಾನೂನಿನಲ್ಲಿ ದೊಡ್ಡವರಿಗೆ ಮಾರಲು ಇರುವ ಮಿತಿಯೇ 20 ಮಿಲಿಗ್ರಾಂ. ಇನ್ನು ಕಳ್ಳದಾರಿಯಲ್ಲಿ ಬಂದ ಮಾಲಿನಲ್ಲಿ ಬರೆದಿರುವುದಕ್ಕೂ ಒಳಗಿರುವುದಕ್ಕೂ ಸಂಬಂಧವೇ ಇಲ್ಲದಿರಬಹುದು. ಏನೂ ಬರೆದಿಲ್ಲ ಅಂದರೆ ಏನೂ ಇಲ್ಲ ಅಂತಲ್ಲ.

ಶುರುವಿನಲ್ಲಿ ಬಝ್ ಬರುತ್ತದೆ. ತಲೆ ಜುಮ್ ಅನ್ನುತ್ತದೆ, ಕಾಲು ಹಗುರ ಆಗುತ್ತದೆ, ಒಂದು ನಿಮಿಷ ಅಷ್ಟೇ. ಕೆಲವು ವಾರ ಕಳೆದ ಮೇಲೆ ಅದು ಬರುವುದೇ ಇಲ್ಲ. ಅಲ್ಲಿಂದ ಮುಂದೆ ಎಳೆಯುವುದು ಮಜಾಕ್ಕಲ್ಲ. ಎಳೆಯದೇ ಇದ್ದರೆ ಬರುವ ಕಿರಿಕಿರಿ ಹೋಗಲಿ ಅಂತ. ಇದನ್ನು ಯಾರೂ ನಮಗೆ ಹೇಳಿರಲಿಲ್ಲ. "ಟೆನ್ಶನ್ ಆದರೆ ವೇಪ್ ಎಳೀತೀನಿ, ಕೂಲ್ ಆಗುತ್ತೆ" ಅಂತ ನಾನು ನಂಬಿದ್ದೆ. ಆ ಟೆನ್ಶನ್ ಮುಕ್ಕಾಲು ಭಾಗ ಹಿಂದಿನ ಪಫ್‌ನದ್ದೇ ಬಾಕಿ. ಬಿಟ್ಟು ತಿಂಗಳಾದ ಮೇಲೆ ಇದು ಗೊತ್ತಾಗುತ್ತದೆ, ಅದಕ್ಕೆ ಮುಂಚೆ ಯಾರು ಹೇಳಿದರೂ ತಲೆಗೆ ಹೋಗುವುದಿಲ್ಲ.

ಸಿಗರೇಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ, ಇದಕ್ಕೆ ಕೊನೆ ಇಲ್ಲ. ಸಿಗರೇಟ್ ಒಂದು ಮುಗಿಯುತ್ತದೆ, ಇನ್ನೊಂದು ಹಚ್ಚಬೇಕು, ಹೊರಗೆ ಹೋಗಬೇಕು. ವೇಪ್ ಹಾಗಲ್ಲ. ಓದುವಾಗ ಪುಸ್ತಕದ ಪಕ್ಕದಲ್ಲೇ ಇರುತ್ತದೆ. ಶರ್ಟಿನ ತೋಳಿನೊಳಗೆ ಬಿಡಬಹುದು, ಉಸಿರು ಹಿಡಿದುಕೊಂಡರೆ ಹೊಗೆ ಕಾಣುವುದೇ ಇಲ್ಲ. "ನೀನು ದಿನಕ್ಕೆ ಎಷ್ಟು?" ಅಂತ ಕೇಳಿದರೆ ಯಾರಿಗೂ ಹೇಳಲು ಬರುವುದಿಲ್ಲ. ಅದಕ್ಕೇ ಎಷ್ಟು ಅಂತ ಕೇಳಬೇಡಿ, ಒಂದು ವೇಪ್ ಎಷ್ಟು ದಿನ ಬರುತ್ತದೆ ಅಂತ ಕೇಳಿ. ಅದಕ್ಕೆ ಉತ್ತರ ಇರುತ್ತದೆ.

ಬಿಡುವ ವಿಷಯ. ಎರಡನೇ, ಮೂರನೇ ದಿನ ತುಂಬಾ ಕೆಟ್ಟದು. ನಿದ್ದೆ ಬರುವುದಿಲ್ಲ, ಬಂದರೆ ವಿಚಿತ್ರ ಕನಸು. ಒಂದೇ ಸಾಲನ್ನು ನಾಲ್ಕು ಸಲ ಓದಿದರೂ ಒಳಗೆ ಹೋಗುವುದಿಲ್ಲ. ತಂಗಿ ಜೋರಾಗಿ ಅಗಿದರೂ ಸಿಟ್ಟು. ನಮ್ಮ ಮನೆಯಲ್ಲಿ ಅಪ್ಪ ಅದನ್ನು "ಹುಡುಗನಿಗೆ ಕೊಬ್ಬು" ಅಂತ ಓದಿಕೊಂಡರು, ಜಗಳ ಆಯಿತು. ಆ ದಿನಗಳಲ್ಲಿ ಬರುವ ಸಿಟ್ಟಿಗೆ ಉತ್ತರ ಕೊಡಬೇಡಿ ಅಕ್ಕಾ, ಅದು ನಿಮ್ಮ ಮೇಲಲ್ಲ. ನನಗೆ ಕೆಲಸಕ್ಕೆ ಬಂದದ್ದು ಮೂರು. ಮಾರುವವನ ನಂಬರ್ ಮತ್ತು ಆ ಚಾಟ್ ಗುಂಪು ಎರಡನ್ನೂ ನಾನೇ ಅಳಿಸಿದ್ದು. ಗುಂಪಿನಲ್ಲಿ ಒಬ್ಬನಿಗಾದರೂ "ನಾನು ಬಿಡ್ತಿದೀನಿ, ನನಗೆ ಚಾಚಬೇಡ" ಅಂತ ಬಾಯಿಬಿಟ್ಟು ಹೇಳಿದ್ದು. ಆಸೆ ಬಂದಾಗ ಆ ಜಾಗ ಬಿಟ್ಟು ಎದ್ದು ಹೋಗಿದ್ದು. ಆಸೆ ಅನ್ನುವುದು ಕೆಲವು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಆ ಹೊತ್ತು ದಾಟಿದರೆ ಸಾಕು. ಕೆಲಸಕ್ಕೆ ಬಾರದ್ದು: ಗಂಟೆಗೊಮ್ಮೆ "ಎಳೆದೆಯಾ, ಎಳೆದೆಯಾ" ಅಂತ ಕೇಳುವುದು. ಮರೆತಿದ್ದರೂ ನೆನಪಾಗುತ್ತದೆ.

ಉತ್ತರ: ಹೈಸ್ಕೂಲ್ ವಿಜ್ಞಾನ ಮೇಷ್ಟ್ರು

ಈಗ ಅಷ್ಟೊಂದು ಇದೆಯಾ ಅಂತ ಕೇಳಿದ್ದೀರಿ. ವರ್ಷ ವರ್ಷ ಬಿಡದೆ ಅಳೆದ ಲೆಕ್ಕ ಚೆನ್ನಾಗಿ ಸಿಗುವುದು ಅಮೆರಿಕದ್ದು. ಅಲ್ಲಿಯ ಹೈಸ್ಕೂಲ್ ಮಕ್ಕಳಲ್ಲಿ "ಕಳೆದ 30 ದಿನದಲ್ಲಿ ಎಳೆದಿದ್ದೇನೆ" ಅಂದವರು 2011ರಲ್ಲಿ 1.5%. 2019ರಲ್ಲಿ 27.5%. ಎಂಟು ವರ್ಷದಲ್ಲಿ ನೂರರಲ್ಲಿ ಒಂದೆರಡು ಮಕ್ಕಳಿಂದ ಕಾಲು ಭಾಗದಾಚೆಗೆ ಹೋಯಿತು. ನಡುವೆ 2015ರಲ್ಲಿ ಪೆನ್‌ಡ್ರೈವ್ ಥರ ಕಾಣುವ ಜೂಲ್ ಅನ್ನುವ ವೇಪ್ ಮಾರುಕಟ್ಟೆಗೆ ಬಂತು. 2018ರ ಡಿಸೆಂಬರಿನಲ್ಲಿ ಅಲ್ಲಿಯ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ಡಾಕ್ಟರ್, ಜೆರೋಮ್ ಆಡಮ್ಸ್ ಇದನ್ನು ಮಕ್ಕಳಲ್ಲಿ ಹಬ್ಬಿದ ಪಿಡುಗು ಅಂತಲೇ ಸಾರಿದರು. ಆಮೇಲೆ ಇಳಿಯಿತು. 2024ರಲ್ಲಿ 7.8%. ಸುಮ್ನೆ ಹೆದರಿಸುವವರು ಈ ಇಳಿದ ಲೆಕ್ಕ ಹೇಳುವುದಿಲ್ಲ. ಖುಷಿಪಟ್ಟು ಸುಮ್ಮನಾಗುವವರು ಇನ್ನೊಂದನ್ನು ಹೇಳುವುದಿಲ್ಲ. ಅದೇ 2024ರಲ್ಲಿ ಎಳೆಯುವ ಮಕ್ಕಳ ಪೈಕಿ ಕಾಲು ಭಾಗಕ್ಕಿಂತ ಜಾಸ್ತಿ ಮಂದಿ ದಿನಾ ಎಳೆಯುವವರು. ಹತ್ತರಲ್ಲಿ ಸುಮಾರು ಒಂಬತ್ತು ಜನ ಫ್ಲೇವರ್ ಇರುವುದನ್ನೇ ಎಳೆಯುವವರು. ಅಂದರೆ ಸುಮ್ನೆ ಒಂದು ಕೈ ನೋಡೋಣ ಅಂತ ಬಂದವರು ಹೊರಟುಹೋದರು, ಸಿಕ್ಕಿಹಾಕಿಕೊಂಡವರು ಉಳಿದರು. ನಾನು ಹಾಗೆ ಓದಿಕೊಳ್ಳುತ್ತೇನೆ.

ಜಗತ್ತಿನ ಲೆಕ್ಕ ಬೇಕಾದರೆ, ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿದ್ದು: 13ರಿಂದ 15 ವರ್ಷದೊಳಗಿನ ಕನಿಷ್ಠ 1.5 ಕೋಟಿ ಮಕ್ಕಳು ವೇಪ್ ಎಳೆಯುತ್ತಿದ್ದಾರೆ. ಲೆಕ್ಕ ಸಿಗುವ ದೇಶಗಳಲ್ಲಿ ಮಕ್ಕಳು ದೊಡ್ಡವರಿಗಿಂತ ಸರಾಸರಿ ಒಂಬತ್ತು ಪಟ್ಟು ಜಾಸ್ತಿ.

ನಿಮ್ಮ ಮಗ "ನೀರಿನ ಹಬೆ" ಅಂದದ್ದಕ್ಕೆ ಬರುತ್ತೇನೆ, ಇದು ನನ್ನ ವಿಷಯ. ಒಳಗೆ ಒಂದು ಬ್ಯಾಟರಿ, ಒಂದು ತಂತಿಯ ಸುರುಳಿ, ಅದಕ್ಕೆ ಸುತ್ತಿದ ಹತ್ತಿ. ಹತ್ತಿ ಹೀರಿಕೊಂಡಿರುವುದು ನೀರಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಫ್ಲೇವರ್, ನಿಕೋಟಿನ್. ಬಾಯಲ್ಲಿ ಎಳೆದಾಗ ಸುರುಳಿ ಕಾಯುತ್ತದೆ, ದ್ರವ ಆವಿಯಾಗಿ ಕೂಡಲೇ ತಣಿದು ಸಣ್ಣ ಹನಿಗಳಾಗುತ್ತದೆ. ಆ ಹನಿಗಳು ಶ್ವಾಸಕೋಶದ ಒಳಗಿನ ತನಕ ಹೋಗುತ್ತವೆ. ತುಂಬಾ ಕಾದರೆ, ಅದರಲ್ಲೂ ದ್ರವ ಮುಗಿಯುತ್ತ ಬಂದು ಹತ್ತಿ ಸುಟ್ಟ ವಾಸನೆ ಬರುವಾಗ, ಫಾರ್ಮಾಲ್ಡಿಹೈಡ್, ಅಕ್ರೋಲೀನ್‌ನಂಥ ವಿಷಕಾರಿ ರಾಸಾಯನಿಕಗಳು ಹುಟ್ಟುತ್ತವೆ. ಸುರುಳಿಯಿಂದ ನಿಕಲ್, ಕ್ರೋಮಿಯಂ ಕೂಡ ಹನಿಗಳಲ್ಲಿ ಸಿಕ್ಕಿವೆ. ಸಿಗರೇಟಿನಲ್ಲಿ ಎಲೆ ಸುಟ್ಟು ಟಾರ್ ಬರುತ್ತದೆ, ಇದರಲ್ಲಿ ಅದಿಲ್ಲ. ಸಿಗರೇಟ್ ಸೇದುವ ದೊಡ್ಡವರಿಗೆ ಹೋಲಿಸಿ "ಕಮ್ಮಿ ಅಪಾಯ" ಅನ್ನುವ ಮಾತು ಹುಟ್ಟಿದ್ದು ಅಲ್ಲಿಂದ. ಏನೂ ಸೇದದ ಹುಡುಗನಿಗೆ ಆ ಹೋಲಿಕೆಯೇ ಸಲ್ಲದು.

ಮಕ್ಕಳಿಗೆ ಕೆಮ್ಮು ಬರದೇ ಇರುವುದಕ್ಕೂ ರಸಾಯನಶಾಸ್ತ್ರದ ಕಾರಣ ಇದೆ. ಬರಿಯ ನಿಕೋಟಿನ್ ಗಂಟಲಿಗೆ ಖಾರ. ಅದಕ್ಕೆ ಬೆಂಜೋಯಿಕ್ ಆಮ್ಲದಂಥದ್ದನ್ನು ಸೇರಿಸಿದರೆ ನಿಕೋಟಿನ್ ಸಾಲ್ಟ್ (ಲವಣ) ಆಗುತ್ತದೆ, ಉರಿ ಕಮ್ಮಿಯಾಗುತ್ತದೆ. ಆಗ ಎಷ್ಟು ಜಾಸ್ತಿ ನಿಕೋಟಿನ್ ತುಂಬಿದರೂ ಹೊಸಬರು ಆರಾಮಾಗಿ ಎಳೆಯಬಹುದು. ಮೊದಲ ಸಿಗರೇಟಿನಲ್ಲಿ ಕೆಮ್ಮಿ ಬಿಟ್ಟವರು ಎಷ್ಟೋ ಜನ. ಇಲ್ಲಿ ಆ ಬೇಲಿಯನ್ನೇ ಕಿತ್ತುಹಾಕಿದ್ದಾರೆ.

ಕಾನೂನು ಬಂದ ಕಡೆ ವಸ್ತು ವೇಷ ಬದಲಿಸುತ್ತದೆ. ಅಮೆರಿಕ 2020ರಲ್ಲಿ ಹಣ್ಣಿನ ಫ್ಲೇವರಿನ ಕಾರ್ಟ್ರಿಜ್‌ಗಳ (ವೇಪಿಗೆ ಸಿಕ್ಕಿಸುವ, ದ್ರವ ತುಂಬಿದ ಡಬ್ಬಿ) ಮೇಲೆ ಬಿಗಿ ಮಾಡಿತು, ಎಳೆದು ಬಿಸಾಡುವ ಡಿಸ್ಪೋಸಬಲ್‌ಗಳನ್ನು ಆ ಬಿಗಿಯಿಂದ ಹೊರಗಿಟ್ಟಿತು. ಮಕ್ಕಳು ಅದಕ್ಕೇ ಹೋದರು. ಬ್ರಿಟನ್ 2025ರ ಜೂನ್ 1ರಿಂದ ಡಿಸ್ಪೋಸಬಲ್ ನಿಷೇಧಿಸಿತು. ಅದೇ ಆಕಾರ, ಅದೇ ಬಣ್ಣದಲ್ಲಿ ಚಾರ್ಜ್ ಮಾಡುವ ಮಾದರಿಗಳು ಬಂದವು. ಭಾರತ 2019ರಲ್ಲಿ, ಬ್ರೆಜಿಲ್ 2009ರಲ್ಲೇ ಮಾರಾಟ ನಿಷೇಧಿಸಿವೆ. ಆಸ್ಟ್ರೇಲಿಯಾ 2024ರ ಜುಲೈಯಿಂದ ಫಾರ್ಮಸಿ ಬಿಟ್ಟು ಬೇರೆಡೆ ಮಾರುವಂತಿಲ್ಲ ಅಂದಿತು. ಈಗ ಬರುವುದರಲ್ಲಿ ಸ್ಕ್ರೀನ್ ಇರುತ್ತದೆ, ಎಷ್ಟು ಪಫ್ ಉಳಿದಿದೆ ಅಂತ ತೋರಿಸುತ್ತದೆ. ಕೆಲವು ಆಟದ ಸಾಮಾನಿನ ಥರ, ಕೆಲವು ಫೋನಿನ ಥರ ಇರುತ್ತವೆ. ಬಾಯೊಳಗೆ ಇಟ್ಟುಕೊಳ್ಳುವ ಸಣ್ಣ ಚೀಲದಂಥ ನಿಕೋಟಿನ್ ಪೌಚ್ ಬೇರೆ ಬಂದಿದೆ, ಅದಕ್ಕೆ ಹೊಗೆಯೂ ಇಲ್ಲ. ಬ್ಯಾಗಿನಲ್ಲಿ ಹುಡುಕುವ ಪಾಲಕರು ಯಾವಾಗಲೂ ಒಂದು ಮಾದರಿ ಹಿಂದೆ.

ನನಗೆ ನಿಜವಾಗಿ ಭಯ ಇರುವುದು ಇದಲ್ಲ. 2024ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 38 ಶಾಲೆಗಳಲ್ಲಿ ಮಕ್ಕಳಿಂದ ಕಿತ್ತುಕೊಂಡ 616 ವೇಪ್‌ಗಳನ್ನು ಪರೀಕ್ಷೆ ಮಾಡಿದರು. ಆರರಲ್ಲಿ ಒಂದರಲ್ಲಿ ಸ್ಪೈಸ್ ಅನ್ನುವ ಕೃತಕ ಮಾದಕ ವಸ್ತು ಸಿಕ್ಕಿತು. ಎಳೆದ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತೇ ಇರಲಿಕ್ಕಿಲ್ಲ. ಯಾರೋ ಕೊಟ್ಟದ್ದನ್ನು, ತಾವೇ ತುಂಬಿಸಿದ್ದನ್ನು ಎಳೆಯಬೇಡ ಅಂತ ಮಗನಿಗೆ ಇವತ್ತೇ ಹೇಳಿ. ಬಿಡುವ ಮಾತು ನಾಳೆಗಾದರೂ ಆಗಲಿ.

ಸ್ಕೂಲಿಗೆ ಹೇಳಬೇಕಾ ಅಂದರೆ, ಮೊದಲು ನಿಮ್ಮ ಸ್ಕೂಲಿನ ನಿಯಮ ಓದಿ. ಸಿಕ್ಕಿಬಿದ್ದ ಕೂಡಲೇ ಸಸ್ಪೆಂಡ್ ಮಾಡುವ ಕಡೆ ಹುಡುಗ ಒಂದು ವಾರ ಮನೆಯಲ್ಲಿ ಒಬ್ಬನೇ ಕೂತು ಇನ್ನೂ ಜಾಸ್ತಿ ಎಳೆಯುತ್ತಾನೆ, ನಾನು ನೋಡಿದ್ದೇನೆ. ಕೌನ್ಸೆಲರ್ ಇದ್ದರೆ ಅವರ ಹತ್ತಿರ ಹೆಸರು ಹೇಳದೆ ಮೊದಲು ವಿಚಾರಿಸಿ. ಟಾಯ್ಲೆಟ್‌ನಲ್ಲಿ ಡಿಟೆಕ್ಟರ್ ಹಾಕಿಸಿದ್ದೇವೆ ಅಂತ ಹೇಳಿಕೊಳ್ಳುವ ಶಾಲೆಗಳನ್ನು ಪೂರ್ತಿ ನಂಬಬೇಡಿ. ಡಿಯೋಡರೆಂಟ್ ಸ್ಪ್ರೇಗೂ ಅದು ಕೂಗುತ್ತದೆ, ಮಕ್ಕಳು ಬೇಕಂತಲೇ ಸ್ಪ್ರೇ ಹೊಡೆದು ಕೂಗಿಸುತ್ತಾರೆ, ನಾಲ್ಕನೇ ಸಲಕ್ಕೆ ಯಾವ ಮೇಷ್ಟ್ರೂ ಓಡಿಹೋಗುವುದಿಲ್ಲ.

ಉತ್ತರ: ಇಬ್ಬರು ಗಂಡುಮಕ್ಕಳ ಅಪ್ಪ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಮೈಮೇಲೆ ಬರಬೇಡಿ. ನನ್ನ ದೊಡ್ಡ ಮಗನದ್ದು ಸಿಕ್ಕಾಗ ನಾನು ಸೀದಾ ಕಿತ್ತುಕೊಂಡೆ. ಫೋನ್ ತೆಗೆದಿಟ್ಟೆ, ಪಾಕೆಟ್ ಮನಿ ನಿಲ್ಲಿಸಿದೆ, ಆ ಗುಂಪಿನ ಜೊತೆ ಸಂಜೆ ಹೋಗುವುದು ಬಂದ್. ನಿಂತುಹೋಯಿತು. ಮತ್ತೆ ಎಳೆದಿಲ್ಲ. ಎಲ್ಲದಕ್ಕೂ ಮನಸ್ಸು, ಭಾವನೆ, ಕೌನ್ಸೆಲಿಂಗ್ ಅಂತ ಕೂತರೆ ಮಕ್ಕಳಿಗೆ ಗೆರೆ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ನಿಮ್ಮ ಯಜಮಾನರು ಹೇಳುವುದರಲ್ಲಿ ಅರ್ಥ ಇದೆ ಮೇಡಂ.

ಉತ್ತರ: ಬಿಟ್ಟವನು

ಅಂಕಲ್, ನಿಮ್ಮ ಮಗ ಬೆಳಗ್ಗೆ ಎದ್ದ ಕೂಡಲೇ ಎಳೆಯುತ್ತಿದ್ದನಾ, ಇಲ್ಲಾ ಸಂಜೆ ಗುಂಪಿನಲ್ಲಿ ಮಾತ್ರವಾ?

ಉತ್ತರ: ಇಬ್ಬರು ಗಂಡುಮಕ್ಕಳ ಅಪ್ಪ

ಸಂಜೆ ಮಾತ್ರ ಅಂತ ಹೇಳಿದ್ದ. ಅದೂ ವಾರಕ್ಕೆ ಒಂದೆರಡು ಸಲ.

ಉತ್ತರ: ಮಗಳಿಂದ ಬಿಡಿಸಿದ ಅಮ್ಮ

ಅದೇ ನೋಡಿ ಸರ್. ಅವನಿಗೆ ಗುಂಪು ಬಿಡಿಸಿದ್ದೇ ಸಾಕಾಯಿತು, ನಿಮ್ಮ ಮದ್ದು ಸರಿಯಾಗಿಯೇ ಇತ್ತು. ನನ್ನ ಮಗಳಿಗೆ ಅದನ್ನೇ ಮಾಡಿದ್ದರೆ ಗುಂಪು ಇಲ್ಲದೆಯೂ ಒಬ್ಬಳೇ ದಿಂಬಿನಡಿ ಎಳೆಯುತ್ತಿದ್ದಳು. ಫೋನ್ ತೆಗೆದಿಟ್ಟರೆ ನಿಕೋಟಿನ್ ಆಸೆ ಹೋಗುವುದಿಲ್ಲವಲ್ಲ. ಗೆರೆ ನಾನೂ ಹಾಕಿದ್ದೆ. ಮನೆಯೊಳಗೆ ಇಲ್ಲ, ತಮ್ಮನ ಎದುರು ಇಲ್ಲ, ಸುಳ್ಳು ಹೇಳಿದರೆ ಮಾತ್ರ ಶಿಕ್ಷೆ, ಎಳೆದೆ ಅಂತ ಒಪ್ಪಿಕೊಂಡರೆ ಶಿಕ್ಷೆ ಇಲ್ಲ.

ಉತ್ತರ: ಎದೆರೋಗದ ಡಾಕ್ಟರ್

ಮೇಲೆ ಅಮ್ಮ ಹೇಳಿದ ಬೆಳಗಿನ ಪ್ರಶ್ನೆಯನ್ನು ನಾವೂ ಮೊದಲು ಕೇಳುತ್ತೇವೆ. ಜೊತೆಗೆ ಇನ್ನೂ ಕೆಲವು: ಬಿಡಲು ನೋಡಿ ಆಗದೇ ಹೋಗಿದೆಯಾ? ಎಳೆಯಬಾರದ ಜಾಗದಲ್ಲೂ ತಡೆದುಕೊಳ್ಳಲು ಕಷ್ಟವಾಗುತ್ತದಾ? ಸಿಗದಿದ್ದಾಗ ಸಿಟ್ಟು, ಗಮನ ನಿಲ್ಲದಿರುವುದು ಇದೆಯಾ? ಮಕ್ಕಳಿಗೆಂದೇ ಇಂಥ ಹತ್ತು ಪ್ರಶ್ನೆಗಳ ಪಟ್ಟಿ ಇದೆ. ಅದರಲ್ಲಿ ಒಂದಕ್ಕೆ ಹೌದು ಅಂದರೂ ಹಿಡಿತ ತಪ್ಪಲು ಶುರುವಾಗಿದೆ ಅಂತಲೇ ಲೆಕ್ಕ. ದಿನಾ ಎಳೆಯುವ ತನಕ ಕಾಯಬೇಕಿಲ್ಲ. ಮಿದುಳು ಸುಮಾರು 25ರ ತನಕ ಬೆಳೆಯುತ್ತಲೇ ಇರುತ್ತದೆ, ಈ ವಯಸ್ಸಿನಲ್ಲಿ ನಿಕೋಟಿನ್ ದೊಡ್ಡವರಿಗಿಂತ ಬೇಗ ಹಿಡಿದುಕೊಳ್ಳುತ್ತದೆ.

ಹೆದರಿಸುವ ಬಗ್ಗೆ ಒಂದು ಮಾತು. ವೇಪ್ ಎಳೆದರೆ ಪಾಪ್‌ಕಾರ್ನ್ ಲಂಗ್ ಅನ್ನುವ ಶ್ವಾಸಕೋಶದ ಕಾಯಿಲೆ ಬರುತ್ತದೆ ಅಂತ ಒಂದು ಕಥೆ ಓಡಾಡುತ್ತಿದೆ. ಆ ಹೆಸರು ಬಂದದ್ದು ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರಿಂದ, ಬೆಣ್ಣೆ ಫ್ಲೇವರಿನಲ್ಲಿದ್ದ ಡೈಅಸಿಟೈಲ್ ಅನ್ನುವ ರಾಸಾಯನಿಕ ಉಸಿರಾಡಿದ್ದರಿಂದ. ಅದನ್ನೇ ಮಗನಿಗೆ ಹೇಳಿದರೆ ಐದು ನಿಮಿಷದಲ್ಲಿ ಫೋನಿನಲ್ಲಿ ಹುಡುಕಿ, ಉಳಿದ ಮಾತನ್ನೂ ನಂಬದೇ ಹೋಗುತ್ತಾನೆ. 2019ರಲ್ಲಿ ಅಮೆರಿಕದಲ್ಲಿ ವೇಪ್‌ನಿಂದ ಶ್ವಾಸಕೋಶ ಹಾಳಾಗಿ ಆಸ್ಪತ್ರೆ ಸೇರಿದ್ದು ನಿಜ. 2020ರ ಫೆಬ್ರವರಿ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕವರು 2,807, ಸತ್ತವರು 68. ಆದರೆ ಅದಕ್ಕೆ ಮುಖ್ಯ ಕಾರಣವೆಂದು ಕಂಡದ್ದು ಗಾಂಜಾದ ಅಂಶ ತುಂಬಿದ ಕಳ್ಳಮಾಲಿನಲ್ಲಿದ್ದ ವಿಟಮಿನ್ ಇ ಅಸಿಟೇಟ್. ಹೇಳುವುದಾದರೆ ಪೂರ್ತಿ ಹೇಳಿ. ಈ ವಯಸ್ಸಿನವರಿಗೆ ಮೂವತ್ತು ವರ್ಷದ ನಂತರದ ಕಾಯಿಲೆಯಿಂದ ಏನೂ ಅನ್ನಿಸುವುದಿಲ್ಲ. ಈಗ ಮೆಟ್ಟಿಲು ಹತ್ತಿದರೆ ಏದುಸಿರು, ಈಗ ನಿದ್ದೆ ಕೆಟ್ಟಿದೆ, ಈಗ ನಿನ್ನ ಜೇಬಿನ ವಸ್ತು ನೀನು ಯಾವಾಗ ಏಳಬೇಕು ಅಂತ ಹೇಳುತ್ತಿದೆ ಅಂದರೆ ಕಿವಿಗೆ ಬೀಳುತ್ತದೆ.

ಸುಮ್ಮನೆ ಕೂರಬಾರದ ಲಕ್ಷಣ: ಎದೆನೋವು, ಉಸಿರಾಟಕ್ಕೆ ಕಷ್ಟ, ಜ್ವರದ ಜೊತೆ ಕೆಮ್ಮು, ನಿಲ್ಲದ ವಾಂತಿ, ಎಳೆದ ಮೇಲೆ ಮಾತು ತೊದಲುವುದು, ಪ್ರಜ್ಞೆ ತಪ್ಪಿದಂತೆ ಆಗುವುದು. ಕೂಡಲೇ ಆಸ್ಪತ್ರೆಗೆ ಹೋಗಿ, ವೇಪನ್ನೂ ಜೊತೆಗೆ ತೆಗೆದುಕೊಂಡು ಹೋಗಿ, ಏನು ಎಳೆದ ಅಂತ ಮುಚ್ಚಿಡಬೇಡಿ.

ಔಷಧಿ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ನಿಕೋಟಿನ್ ಪ್ಯಾಚ್, ಗಮ್ ಇವೆ. 18ರ ಕೆಳಗಿನವರಿಗೆ ಡಾಕ್ಟರ್ ನೋಡಿ ಕೊಡಬೇಕು, ನೀವೇ ಕೊಂಡು ತಂದು ಹಚ್ಚಬೇಡಿ. ವರೆನಿಕ್ಲಿನ್ ಅನ್ನುವ ಮಾತ್ರೆಯ ಮೇಲೆ 2025ರಲ್ಲಿ ಒಂದು ಒಳ್ಳೆಯ ಅಧ್ಯಯನ ಬಂತು. 16ರಿಂದ 25 ವರ್ಷದವರಲ್ಲಿ, ಕೌನ್ಸೆಲಿಂಗ್ ಜೊತೆ ಮಾತ್ರೆ ತೆಗೆದುಕೊಂಡವರಲ್ಲಿ 12 ವಾರದ ಹೊತ್ತಿಗೆ 51% ಜನ ಬಿಟ್ಟಿದ್ದರು. ಹುಸಿ ಮಾತ್ರೆಯವರಲ್ಲಿ 14%. ನಿಮ್ಮ ಮಗನಿಗೆ 15, ಆ ಅಧ್ಯಯನದ ವಯಸ್ಸಿನ ಒಳಗೆ ಬರುವುದಿಲ್ಲ, ಅದಕ್ಕೆ ಇದನ್ನು ಮೊದಲ ಹೆಜ್ಜೆ ಮಾಡಿಕೊಳ್ಳಬೇಡಿ. ಅವನ ವಯಸ್ಸಿನವರಿಗೆ ನೋಡಿದ್ದು ಇನ್ನೊಂದು. 13ರಿಂದ 17 ವರ್ಷದ ಮಕ್ಕಳಿಗೆ ಮೊಬೈಲಿಗೆ ದಿನಾ ಮೆಸೇಜ್ ಕಳಿಸಿ ಬಿಡಿಸುವ ಕಾರ್ಯಕ್ರಮ. 2024ರಲ್ಲಿ ಅದರ ಫಲಿತಾಂಶ ಬಂತು. ಏಳು ತಿಂಗಳಾದ ಮೇಲೆ ಆ ಮೆಸೇಜ್ ಪಡೆದವರಲ್ಲಿ 37.8% ಬಿಟ್ಟಿದ್ದರು, ಪಡೆಯದವರಲ್ಲಿ 28%. ಮಕ್ಕಳಂಥವರೇ ಬರೆದಂತಿರುವ ಎರಡು ಸಾಲು, ದಿನಾ, ಉಪದೇಶ ಇಲ್ಲದೆ. ಫೋನ್ ಕಿತ್ತುಕೊಳ್ಳುವ ಮುಂಚೆ ಇದನ್ನು ಯೋಚಿಸಿ, ಆ ಸಹಾಯವೂ ಅದೇ ಫೋನಿಗೆ ಬರುವುದು. ಇನ್ನೊಂದು ಸಂಖ್ಯೆಯನ್ನೂ ಗಮನಿಸಿ. ಏನೂ ಸಹಾಯ ಸಿಗದವರಲ್ಲೂ ನೂರಕ್ಕೆ 28 ಮಕ್ಕಳು ಬಿಟ್ಟಿದ್ದಾರೆ. ಮಕ್ಕಳಿಗೆ ಬಿಡುವ ಮನಸ್ಸು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರುತ್ತದೆ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆ ವೇಪ್ ಅವರ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ. ಹಣ್ಣಿನ ವಾಸನೆ ಅಂತ ಬಾಯಿಗಿಟ್ಟರೆ ಅದರ ದ್ರವ ಸ್ವಲ್ಪವೇ ಆದರೂ ಸಣ್ಣ ಮಗುವಿಗೆ ವಿಷ. ಒಡೆಯಬೇಡಿ, ಸುಡಬೇಡಿ, ಒಳಗೆ ಲಿಥಿಯಂ ಬ್ಯಾಟರಿ ಇದೆ. ಹಳೆ ಬ್ಯಾಟರಿ, ಎಲೆಕ್ಟ್ರಾನಿಕ್ ಸಾಮಾನು ತೆಗೆದುಕೊಳ್ಳುವ ಕಡೆ ಕೊಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಅವನ ಬಟ್ಟೆ ಮಡಚುತ್ತಾ ಕೇಳಿದೆ. "ಬ್ರಷ್ ಮಾಡೋಕೆ ಮುಂಚೆ" ಅಂದ. ಒಂದು ವೇಪ್ ವಾರ ಕೂಡ ಬರುವುದಿಲ್ಲವಂತೆ. ಅವನ ಹತ್ತಿರ ಇನ್ನೊಂದು ಇತ್ತು, ಅದನ್ನೂ ಅವನೇ ತಂದು ತೋರಿಸಿದ, ಆದರೆ ಕೈಗೆ ಕೊಡಲಿಲ್ಲ. ಅವರಪ್ಪನಿಗೆ ಮೇಲಿನದ್ದನ್ನೆಲ್ಲ ಓದಿಸಿದೆ, ಸದ್ಯಕ್ಕೆ ಸ್ಕೂಲಿನ ಮಾತು ಬಿಟ್ಟಿದ್ದಾರೆ. ಬಿಡುವ ಮನಸ್ಸಿದೆ ಅನ್ನುತ್ತಾನೆ. ಆದರೆ ಮೂರು ವಾರದಲ್ಲಿ ಪರೀಕ್ಷೆ. ಈಗಲೇ ಬಿಡಿಸಿದರೆ ಓದು ಹಾಳಾಗುತ್ತಾ? ಆ ಎರಡನೆಯದನ್ನು ಕಿತ್ತುಕೊಳ್ಳಬೇಕಿತ್ತಾ?

ಉತ್ತರ: ಎದೆರೋಗದ ಡಾಕ್ಟರ್

ಬ್ರಷ್‌ಗೆ ಮುಂಚೆ ಅಂದರೆ ಒಮ್ಮೆ ಡಾಕ್ಟರ್‌ಗೆ ತೋರಿಸಿ, ಮಕ್ಕಳ ಡಾಕ್ಟರ್ ಆದರೂ ಸರಿ. ಅವನ ಜೊತೆ ಸ್ವಲ್ಪ ಹೊತ್ತು ಒಬ್ಬರೇ ಮಾತಾಡಲು ಅವರನ್ನು ಬಿಡಿ, ನೀವು ಹೊರಗೆ ಕೂರಿ. ನಿಕೋಟಿನ್ ನಿಂತ ಕೆಲವು ಗಂಟೆಗಳಲ್ಲಿ ತೊಂದರೆ ಶುರುವಾಗಿ, ಎರಡು ಮೂರನೇ ದಿನ ಏರಿ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಇವತ್ತೇ ಬಿಟ್ಟರೆ ಪರೀಕ್ಷೆ ಹೊತ್ತಿಗೆ ಕಷ್ಟದ ಭಾಗ ಮುಗಿದಿರುತ್ತದೆ. ಪರೀಕ್ಷೆಯ ಹಿಂದಿನ ದಿನ ಬಿಡುವುದೊಂದನ್ನು ಬಿಟ್ಟು ಯಾವುದಾದರೂ ಆಗಬಹುದು.

ಉತ್ತರ: ಬಿಟ್ಟವನು

ಅಕ್ಕಾ, ಎರಡನೆಯದನ್ನು ಅವನೇ ತೋರಿಸಿದ ಅಂದರೆ ಅರ್ಧ ಕೆಲಸ ಆಯಿತು. ಕಿತ್ತುಕೊಂಡಿದ್ದರೆ ಮೂರನೆಯದನ್ನು ನೀವು ನೋಡುತ್ತಲೇ ಇರಲಿಲ್ಲ. ಒಂದು ಒಪ್ಪಂದ ಮಾಡಿಕೊಳ್ಳಿ. ಇದು ಮುಗಿದ ಮೇಲೆ ಹೊಸದು ಇಲ್ಲ. ಅಲ್ಲಿಯ ತನಕ ರಾತ್ರಿ ಅದು ಅವನ ರೂಮಿನಲ್ಲಿ ಬೇಡ, ಬೀಗದೊಳಗೆ ನಿಮ್ಮ ಹತ್ತಿರ ಇರಲಿ. ಬೆಳಗ್ಗೆ ಬ್ರಷ್, ಸ್ನಾನ, ತಿಂಡಿ ಎಲ್ಲ ಆದ ಮೇಲೆ ಕೇಳಿ ತೆಗೆದುಕೊಳ್ಳಲಿ. ಆ ಮೊದಲನೇ ಪಫ್ ಒಂದು ಗಂಟೆ ಮುಂದೆ ಹೋದರೆ ಉಳಿದದ್ದೂ ಸಡಿಲಾಗುತ್ತದೆ, ನನಗೆ ಹಾಗೇ ಆಯಿತು. ಜಾರಿ ಒಂದು ದಿನ ಎಳೆದರೆ ಮೊದಲಿನಿಂದ ಶುರು ಅಂತ ಲೆಕ್ಕ ಹಾಕಬೇಡಿ, ಎಲ್ಲಿ ಸಿಕ್ಕಿತು ಅಂತ ಮಾತ್ರ ಕೇಳಿ. ಶುರು ಮಾಡುವ ದಿನವನ್ನು ಅವನೇ ಆರಿಸಲಿ. ಇವತ್ತೇ ಅಂದರೂ ಸರಿ, ಪರೀಕ್ಷೆ ಮುಗಿದ ಮರುದಿನ ಅಂದರೂ ಸರಿ. "ನೋಡೋಣ" ಅಂದರೆ ಮಾತ್ರ ಒಪ್ಪಬೇಡಿ.